ಎರಡು ಲಕ್ಷದೊಳಗೆ ಒಂದು ವ್ಯಾಗನ್‌ಆರ್: ಭೋಸರಿಯ ರಿಪೇರಿ ದಿನಚರಿ

ಅವ್ವನಿಗೆ ಮೊಣಕಾಲು ನೋವು. ವಿಜಯಪುರದಿಂದ ಪುಣೆಗೆ ವರ್ಷದಲ್ಲಿ ಮೂರು ಸಲವಾದರೂ ಬರುತ್ತಾಳೆ. ಬಸ್ಸಿನ ಮೆಟ್ಟಿಲು ಹತ್ತುವಾಗ, ಇಳಿಯುವಾಗ ಯಾರಾದರೂ ಕೈ ಹಿಡಿಯಬೇಕು. ಹೋದ ಸಲ ಸ್ವಾರಗೇಟಿನಲ್ಲಿ ಇಳಿಯುವಾಗ ಕಾಲು ಬಾರದೆ ಕೆಳಗಿನ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಹಿಂದೆ ಇಳಿಯುವವರು ಕಾಯುತ್ತಾ ನಿಂತರು. ಅವತ್ತೇ ಗಟ್ಟಿ ಮಾಡಿಕೊಂಡೆ, ಈ ದೀಪಾವಳಿಗೆ ಅವಳನ್ನು ಕರೆತರಲು ನಮ್ಮ ಗಾಡಿಯೇ ಹೋಗಬೇಕು ಅಂತ.

ಕೈಯಲ್ಲಿದ್ದದ್ದು 2 ಲಕ್ಷ ರೂಪಾಯಿ. ಸಾಲ ಬೇಡ ಎಂದು ಹೆಂಡತಿಯೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು. ನಾನು ಪುಣೆ ಹತ್ತಿರದ ಭೋಸರಿಯ ಟೂಲ್‌ರೂಮ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಪಾನಾ ಹಿಡಿಯುವುದು ಗೊತ್ತು, ಕಾರಿನ ಒಳಗು ಗೊತ್ತಿರಲಿಲ್ಲ. ಅದಕ್ಕೆ ನಮ್ಮ ಓಣಿಯ ಗ್ಯಾರೇಜಿಗೆ ಹೋದೆ. ಅದನ್ನು ನಡೆಸುವವರು ಸೊಲ್ಲಾಪುರದ ಕಡೆಯವರು, ಮನೆಮಾತು ಕನ್ನಡ. ಎಲ್ಲರೂ ಅವರನ್ನು ಮಾಮಾ ಅಂತಲೇ ಕರೆಯುತ್ತಾರೆ.

"ಎರಡು ಲಕ್ಷ ಐತಿ ಅಂತ ಎರಡು ಲಕ್ಷದ ಗಾಡಿ ನೋಡಬ್ಯಾಡ್ರಿ," ಅಂದರು ಮಾಮಾ. "ಹಳೇ ಗಾಡಿ ಎರಡು ಸಲ ತಗೋಬೇಕಾಗ್ತದ. ಒಮ್ಮೆ ಮಾಲಕರ ಕಡೆ, ಇನ್ನೊಮ್ಮೆ ಗ್ಯಾರೇಜಿನಾಗ."

ಹಾಗಾಗಿ ಲೆಕ್ಕ ಹೀಗೆ ಹಾಕಿದೆ. ಗಾಡಿಗೆ 1 ಲಕ್ಷ 60 ಸಾವಿರ, ಅದಕ್ಕಿಂತ ಜಾಸ್ತಿ ಇಲ್ಲ. ಉಳಿದ 40 ಸಾವಿರ ಬೇರೆ ಡಬ್ಬಿಯಲ್ಲಿ. ಎಷ್ಟೇ ಚಂದದ ಗಾಡಿ ಕಂಡರೂ ಆ ಡಬ್ಬಿಗೆ ಕೈ ಹಾಕಬಾರದು.

ಇನ್ನೊಂದು ತಯಾರಿ ಮಾಡಿಕೊಂಡೆ. ನಮ್ಮ ಮನೆಯಲ್ಲಿ ಅವ್ವ ಯಾರ ಸಹಾಯವಿಲ್ಲದೆ ಕೂತು ಏಳುವ ಕುರ್ಚಿ ಒಂದೇ ಇದೆ. ಒಂದು ಹುರಿ ತಗೊಂಡು ನೆಲದಿಂದ ಆ ಕುರ್ಚಿಯ ಎತ್ತರಕ್ಕೆ ಗಂಟು ಹಾಕಿದೆ. ನೋಡುವ ಪ್ರತಿ ಗಾಡಿಯ ಮುಂದಿನ ಸೀಟಿಗೂ ಆ ಹುರಿ ಹಿಡಿಯಬೇಕು. ಸೀಟು ಗಂಟಿಗಿಂತ ಬಹಳ ಕೆಳಗಿದ್ದರೆ ಅವ್ವ ಕೂರಬಹುದು, ಏಳುವುದು ಆಗುವುದಿಲ್ಲ. ಪಕ್ಕದ ಮನೆಯವರ ಆಲ್ಟೋಗೆ ಹಿಡಿದು ನೋಡಿದಾಗಲೇ ಗೊತ್ತಾಯಿತು, ಬಾಗಿಲು ಎತ್ತರ, ಸೀಟು ಎತ್ತರ ಇರುವ ವ್ಯಾಗನ್‌ಆರ್ ಅಥವಾ ಸ್ಯಾಂಟ್ರೋ ಥರದ ಗಾಡಿಯೇ ಬೇಕು.

ವ್ಯಾಗನ್‌ಆರ್ ಆದರೆ 2010ರ ನಂತರದ್ದೇ ನೋಡಿ ಅಂದರು ಮಾಮಾ. ಆ ವರ್ಷ ಹೊಸ ಆಕಾರದ ಗಾಡಿ ಬಂತು. ಅದರಲ್ಲಿ ಕೆ10ಬಿ ಎಂಜಿನ್, 998 ಸಿಸಿ, ಮೂರು ಸಿಲಿಂಡರ್. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸುವ ಟೈಮಿಂಗ್ ಚೈನ್ ಒಳಗೆ ಇರುತ್ತದೆ. ಅದಕ್ಕೂ ಹಿಂದಿನ 1061 ಸಿಸಿ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್. ಬೆಲ್ಟ್ ರಬ್ಬರಿನದು, ಇಷ್ಟು ಕಿಲೋಮೀಟರ್ ಆದ ಮೇಲೆ ಬದಲಿಸಲೇಬೇಕು. ಹಳೆಯ ಮಾಲೀಕ ಬದಲಿಸಿದ್ದಾನೋ ಇಲ್ಲವೋ ಬಿಲ್ ಇಲ್ಲದಿದ್ದರೆ ಹೇಗೆ ನಂಬುವುದು? ಚೈನ್ ಆದರೆ ಸರಿಯಾದ ಹೊತ್ತಿಗೆ ಆಯಿಲ್ ಬದಲಿಸುತ್ತಿದ್ದರೆ ಸಾಕು.

ಸೆಪ್ಟೆಂಬರ್ 12, 2024, ಗುರುವಾರ

ನನಗೆ ವಾರದ ರಜೆ ಗುರುವಾರ. ಬೆಳಿಗ್ಗೆ ಒಂದು ಸ್ಯಾಂಟ್ರೋ ನೋಡಲು ಹೋದೆ. ನಾನು ಹೋಗುವಷ್ಟರಲ್ಲಿ ಎಂಜಿನ್ ಚಾಲೂ ಇತ್ತು, ಬಾನೆಟ್ ಬಿಸಿ ಇತ್ತು. ತಣ್ಣಗಿರುವಾಗ ಚಾಲೂ ಮಾಡುವುದನ್ನು ನೋಡಬೇಕು ಅಂತ ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದೆ. ಟೈಮಿಂಗ್ ಬೆಲ್ಟ್ ಬಿಲ್ ಕೇಳಿದರೆ ಅದೂ ಇಲ್ಲ. ವಾಪಸ್ ಬಂದೆ.

ಮಧ್ಯಾಹ್ನ ಸಿಂಹಗಡ ರಸ್ತೆಯ ಕಡೆ ಒಂದು ಸ್ವಿಫ್ಟ್. ಸೀಟಿನ ಎತ್ತರ ಹುರಿಯ ಗಂಟಿಗೆ ಮುಟ್ಟುವುದಿಲ್ಲ ಅಂತ ಗೊತ್ತಿತ್ತು, ಆದರೂ ಬೆಲೆ ಎಳೆಯಿತು. 2011ರ ಗಾಡಿ, 1 ಲಕ್ಷ 50 ಸಾವಿರಕ್ಕೆ ಕೊಡುತ್ತೇನೆ ಅಂದ ಏಜೆಂಟ್. ಬಾಗಿಲು ತೆಗೆದರೆ ಗಮ್ಮೆನ್ನುವ ಸೆಂಟು, ಹೊಚ್ಚ ಹೊಸ ಸೀಟ್ ಕವರ್. ಮಾಮಾ ಹೇಳಿಕೊಟ್ಟಂತೆ ಡ್ರೈವರ್ ಕಡೆಯ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಒಳಗೆ ಸುತ್ತಿಕೊಂಡಿದ್ದ ಕಡೆ ಕಂದು ಬಣ್ಣದ ಗೆರೆ. ಸ್ಟೆಪ್ನಿ ಎತ್ತಿದರೆ ಗುಂಡಿಯ ಮೂಲೆಯಲ್ಲಿ ಒಣಗಿದ ರೇವೆ. ಸೀಟಿನ ಕೆಳಗಿನ ಬೋಲ್ಟುಗಳಿಗೆ ಹೊಸ ತುಕ್ಕು.

ಜುಲೈ 25ರ ನೆನಪು ಪುಣೆಯವರಿಗೆ ಹಸಿಯಾಗಿಯೇ ಇದೆ. ಖಡಕ್‌ವಾಸಲಾ ಅಣೆಕಟ್ಟಿನಿಂದ ಬಿಟ್ಟ ನೀರು, ಮೇಲಿಂದ ಮಳೆ, ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೇ ನೀರು ನುಗ್ಗಿತ್ತು. ಅವತ್ತು ಪಾರ್ಕಿಂಗಿನಲ್ಲಿ ಮುಳುಗಿದ ಗಾಡಿಗಳು ಎಲ್ಲಾದರೂ ಮಾರಾಟಕ್ಕೆ ಬರಲೇಬೇಕಲ್ವಾ? ಮುಳುಗಿದ ಗಾಡಿ ತೊಳೆದು ಒಣಗಿಸಿದರೆ ಚಾಲೂ ಆಗುತ್ತದೆ. ತೊಂದರೆ ಆಮೇಲೆ. ವೈರಿಂಗಿನ ಕನೆಕ್ಟರುಗಳ ಒಳಗೆ ತುಕ್ಕು ಮೆಲ್ಲಗೆ ಹಬ್ಬುತ್ತದೆ. ಆರು ತಿಂಗಳಾದ ಮೇಲೆ ಒಂದು ದಿನ ಹೆಡ್‌ಲೈಟ್ ಹೋಗುತ್ತದೆ, ಇನ್ನೊಂದು ದಿನ ನಡುದಾರಿಯಲ್ಲಿ ಎಂಜಿನ್ ನಿಲ್ಲುತ್ತದೆ. ಎಲ್ಲಿ ಹುಡುಕುವುದು? ಹಳೆಯ ಗಾಡಿಯ ಬೇರೆ ಯಾವ ದೋಷವನ್ನಾದರೂ ದುಡ್ಡು ಕೊಟ್ಟು ಸರಿ ಮಾಡಿಸಬಹುದು, ಇದೊಂದನ್ನು ಮಾತ್ರ ಮುಟ್ಟಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸೆಪ್ಟೆಂಬರ್ 19

ಠಾಣೆಯಿಂದ ವಾಕಡ್‌ಗೆ ಬಂದಿದ್ದ ಎಂಎಚ್ 04 ವ್ಯಾಗನ್‌ಆರ್. ಮೇಲೆ ಮಿರಿಮಿರಿ, ಬಾಗಿಲ ಕೆಳಗಿನ ಪಟ್ಟಿಗೆ ಫ್ರಿಡ್ಜಿನ ಮ್ಯಾಗ್ನೆಟ್ ಹಿಡಿದರೆ ಅಂಟಲಿಲ್ಲ. ಅಂದರೆ ತಗಡಿನ ಜಾಗದಲ್ಲಿ ಪುಟ್ಟಿ. ಸಮುದ್ರದ ಗಾಳಿಯ ಊರಿನ ಗಾಡಿಯನ್ನು ಕೆಳಗೆ ಮಲಗಿ ನೋಡದೆ ತಗೋಬಾರದು.

ಸೆಪ್ಟೆಂಬರ್ 26

ನಿಗಡಿ ಪ್ರಾಧಿಕರಣದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಗಾಡಿ. 2012ರ ವ್ಯಾಗನ್‌ಆರ್ ಎಲ್‌ಎಕ್ಸ್‌ಐ, ಎಂಎಚ್ 14, ಒಬ್ಬರೇ ಮಾಲೀಕರು. ಕೇಳಿದ್ದು 1 ಲಕ್ಷ 80 ಸಾವಿರ. ಮಾಮಾನನ್ನೂ ಕರೆದುಕೊಂಡು ಬೆಳಿಗ್ಗೆ ಏಳಕ್ಕೇ ಹೋದೆ. ಹಿಂದಿನ ಸಂಜೆ ಪುಣೆಯಲ್ಲಿ ಜೋರು ಮಳೆ ಸುರಿದಿತ್ತು, ರಸ್ತೆ ಇನ್ನೂ ಒದ್ದೆ.

ಬಾನೆಟ್ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಒಂದೇ ಕೀಗೆ ಚಾಲೂ ಆಯಿತು. ಸೈಲೆನ್ಸರಿನಿಂದ ತೆಳ್ಳಗೆ ಬಿಳಿ ಆವಿ ಬಂತು, ಎರಡು ನಿಮಿಷದಲ್ಲಿ ನಿಂತಿತು. ಅದು ತೇವ, ತೊಂದರೆ ಇಲ್ಲ. ನಿಲ್ಲದೆ ಬಿಳಿ ಹೊಗೆ ಬಂದರೆ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಎಂಜಿನ್ನಿನೊಳಗೆ ಹೋಗಿ ಸುಡುತ್ತಿದೆ ಎಂದು, ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದು. ಎರಡೂ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟೆ, ಎಂಜಿನ್ ತಟ್ಟನೆ ನಿಂತಿತು. ಕ್ಲಚ್ ಪ್ಲೇಟ್ ಇನ್ನೂ ಹಿಡಿಯುತ್ತಿದೆ. ನಾಲ್ಕೂ ಬಾಗಿಲಿನ ಗಾಜಿನ ಮೂಲೆಯ ಗುರುತು ಒಂದೇ ವರ್ಷದ್ದು, ಬಾನೆಟ್ ಬೋಲ್ಟುಗಳ ಬಣ್ಣ ಕೆದರಿಲ್ಲ. ಓಡಿದ್ದು 81 ಸಾವಿರ ಕಿಲೋಮೀಟರ್. ಸರ್ವಿಸ್ ಪುಸ್ತಕದಲ್ಲಿ 2019ಕ್ಕೆ 58 ಸಾವಿರ ಅಂತ ಇತ್ತು, ಪೆಡಲ್ ರಬ್ಬರ್ ಸವೆದದ್ದೂ ಅದಕ್ಕೆ ಹೊಂದುತ್ತಿತ್ತು. ಹುರಿ ಹಿಡಿದೆ, ಗಂಟು ಸೀಟಿನ ಅಂಚಿಗೆ ಸರಿಯಾಗಿ ಬಂತು.

ಇಷ್ಟರಲ್ಲಿ ನನ್ನ ಮನಸ್ಸು ಆಗಲೇ ಗಾಡಿ ತಗೊಂಡು ಬಿಟ್ಟಿತ್ತು. ಆಗ ಮಾಮಾ ಎಡಗಡೆಯ ಮುಂದಿನ ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್ ಒತ್ತಿ, ಒದ್ದೆಯಾದ ಬೆರಳು ತೋರಿಸಿದರು.

ಎದೆ ಧಸಕ್ಕೆಂದಿತು. ಎರಡು ವಾರದ ಹಿಂದೆ ನೋಡಿದ ಸ್ವಿಫ್ಟ್ ಕಣ್ಣ ಮುಂದೆ ಬಂತು.

ನೀರು ಆ ಜಾಗಕ್ಕೆ ನಾಲ್ಕು ದಾರಿಯಿಂದ ಬರಬಹುದು. ಗಾಡಿ ಮುಳುಗಿರಬಹುದು. ಹಿಂದಿನ ಸಂಜೆಯ ಮಳೆ ಬಾಗಿಲ ರಬ್ಬರಿನಿಂದ ಇಳಿದಿರಬಹುದು. ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಸೋರಿ ಕೂಲೆಂಟ್ ಬಂದಿರಬಹುದು. ಅಥವಾ ಎಸಿಯ ನೀರು ಹೊರಗೆ ಹೋಗದೆ ಒಳಗೆ ಬಿದ್ದಿರಬಹುದು. ಮಾಮಾ ಒಂದೊಂದನ್ನೇ ತಳ್ಳಿಹಾಕುತ್ತಾ ಹೋದರು. ನಾಲ್ಕೂ ಸೀಟ್ ಬೆಲ್ಟ್ ಕೊನೆವರೆಗೆ ಎಳೆದರು, ಗೆರೆ ಇಲ್ಲ. ಸ್ಟೆಪ್ನಿ ಗುಂಡಿ ಒಣಗಿತ್ತು, ಬರೀ ಧೂಳು. ಉಳಿದ ಮೂರು ಮೂಲೆಗಳ ಕಾರ್ಪೆಟ್ಟೂ ಒಣಗಿತ್ತು. ಪ್ರವಾಹದ ನೀರು ಒಂದೇ ಮೂಲೆಗೆ ಬರುವುದಿಲ್ಲ ಅಲ್ವಾ? ಆಮೇಲೆ ಬಿಳಿ ಟಿಶ್ಯೂ ಪೇಪರನ್ನು ಕಾರ್ಪೆಟ್ಟಿಗೆ ಒತ್ತಿ ಹಿಡಿದರು. ಬಣ್ಣ ಹತ್ತಲಿಲ್ಲ, ಬೆರಳಿಗೆ ಜಿಡ್ಡಿಲ್ಲ, ಸಿಹಿ ವಾಸನೆ ಇಲ್ಲ. ಕೂಲೆಂಟ್ ಅಲ್ಲ. ಬಾಗಿಲ ರಬ್ಬರಿನ ಕೆಳಗೆ ಕೈ ಆಡಿಸಿದರೆ ಒಣಗಿತ್ತು.

ಕೊನೆಗೆ ಎಸಿ ಹಾಕಿ ಇಪ್ಪತ್ತು ನಿಮಿಷ ಬಿಟ್ಟೆವು. ಗಾಳಿ ಚೆನ್ನಾಗಿ ತಣ್ಣಗೆ ಬಂತು. ಮಾಮಾ ಬಗ್ಗಿ ಗಾಡಿಯ ಕೆಳಗೆ ನೋಡಿದರು. "ಒಂದು ಹನಿನೂ ಬಿದ್ದಿಲ್ಲ ನೋಡ್ರಿ," ಅಂದರು. ಅಂಥ ತೇವದ ಹವೆಯಲ್ಲಿ ಎಸಿ ಓಡಿದರೆ ಕೆಳಗೆ ನೀರು ತೊಟ್ಟಿಕ್ಕಲೇಬೇಕು. ಕೆಳಗೆ ಬೀಳದ ನೀರು ಎಲ್ಲಿಗೆ ಹೋಗುತ್ತಿದೆ ಅನ್ನುವುದು ಆಗ ಗೊತ್ತಾಯಿತು. ಎಸಿಯ ಡ್ರೇನ್ ಪೈಪ್ ಕಟ್ಟಿಕೊಂಡಿದೆ.

ಗಾಡಿಯಲ್ಲಿ ಬೇರೆ ಕೊರತೆಗಳೂ ಸಿಕ್ಕವು. ಕೂಲೆಂಟ್ ಬಾಟಲಿಯಲ್ಲಿ ಇದ್ದದ್ದು ಚಹಾ ಬಣ್ಣದ ನೀರು. ಹೀಟರ್ ಹಾಕಿದರೆ ಇಪ್ಪತ್ತು ನಿಮಿಷವಾದರೂ ಉಗುರುಬೆಚ್ಚಗೆ ಮಾತ್ರ. ಸ್ಪೀಡ್‌ಬ್ರೇಕರ್ ಮೇಲೆ ಮುಂದಿನಿಂದ ಟಕ್ ಟಕ್ ಸದ್ದು. ಬ್ರೇಕ್ ಒತ್ತಿದರೆ ಗಾಡಿ ತುಸು ಎಡಕ್ಕೆ ಎಳೆಯುತ್ತದೆ. ಟೈರಿನ ಬದಿಯಲ್ಲಿ 1416 ಅಂತ ನಾಲ್ಕು ಅಂಕಿ. ಅಂದರೆ 2016ರ 14ನೇ ವಾರದಲ್ಲಿ ತಯಾರಾದದ್ದು. ಗೀಟು ಉಳಿದಿದ್ದರೂ ರಬ್ಬರ್ ಬಿರುಕು ಬಿಟ್ಟಿತ್ತು.

ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಖರ್ಚು ಬರೆದು ಮೇಷ್ಟ್ರ ಮುಂದೆ ಇಟ್ಟೆ. "ಕಾಕಾ, ಗಾಡಿ ನೀವು ಚೆನ್ನಾಗಿ ಇಟ್ಟಿದ್ದೀರಿ. ಆದರೆ ಇಷ್ಟು ಕೆಲಸ ನಾನು ಮಾಡಿಸಲೇಬೇಕು," ಅಂತ ಮರಾಠಿಯಲ್ಲಿ ಹೇಳಿದೆ. ಅವರು ಹಾಳೆಯನ್ನು ಎರಡು ಸಲ ಓದಿದರು. ಪಿತೃಪಕ್ಷ ನಡೆದಿತ್ತು, ಆ ಹದಿನೈದು ದಿನ ಗಾಡಿ ನೋಡಲು ಬರುವವರೇ ಕಡಿಮೆ. ಇದು ನನಗೆ ಅನುಕೂಲವಾಯಿತು. 1 ಲಕ್ಷ 58 ಸಾವಿರಕ್ಕೆ ಒಪ್ಪಿದರು.

ಸಂಜೆ ಅವ್ವನಿಗೆ ಫೋನ್ ಮಾಡಿದರೆ, "ಪಕ್ಷದಾಗ ಸಂಚಕಾರನೂ ಕೊಡಬ್ಯಾಡಪ್ಪ. ಮಾತು ಕೊಡು, ರೊಕ್ಕ ಅಮಾಸಿ ಕಳದ ಮ್ಯಾಲೆ ಕೊಡು," ಅಂದಳು. ಮೇಷ್ಟ್ರ ಮನೆಯಲ್ಲೂ ಅದೇ ಪದ್ಧತಿ. ನವರಾತ್ರಿಯ ಮೊದಲ ದಿನ, ಘಟಸ್ಥಾಪನೆಗೆ ಬಾ ಅಂದರು. ಆ ಒಂದು ವಾರ ಕಾಗದಪತ್ರ ನೋಡಲು ಸಿಕ್ಕಿತು.

ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿ ನೋಡಿದೆ. ಇನ್ಶೂರೆನ್ಸ್ ಇದೆ, ಪಿಯುಸಿ ಇದೆ. ಆದರೆ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಆರ್‌ಸಿಯಲ್ಲಿ ಕೂತಿತ್ತು. ಸಾಲ ತೀರಿ ಏಳು ವರ್ಷ ಆಯಿತು ಅಂದರು ಮೇಷ್ಟ್ರು, ಎನ್‌ಒಸಿ ತೋರಿಸಿದರು. ಸಾಲ ಬಾಕಿ ಇಲ್ಲ ಅಂತ ಬ್ಯಾಂಕು ಕೊಟ್ಟ ಆ ಪತ್ರದ ಅವಧಿ ಯಾವಾಗಲೋ ಮುಗಿದಿತ್ತು. ಸಾಲ ತೀರಿಸಿದವರು ಫಾರ್ಮ್ 35 ಕೊಟ್ಟು ಬ್ಯಾಂಕಿನ ಹೆಸರು ತೆಗೆಸಬೇಕು, ಬಹಳ ಜನ ಅದನ್ನು ಮರೆತುಬಿಡುತ್ತಾರೆ. ಅದು ತೆಗೆಯದೆ ಗಾಡಿ ನಮ್ಮ ಹೆಸರಿಗೆ ಬರುವುದಿಲ್ಲ. ಹೊಸ ಎನ್‌ಒಸಿ ಕೈಗೆ ಬರುವವರೆಗೆ 10 ಸಾವಿರ ಹಿಡಿದಿಟ್ಟುಕೊಳ್ಳುತ್ತೇನೆ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಅಕ್ಟೋಬರ್ 3

ಘಟಸ್ಥಾಪನೆ. 1 ಲಕ್ಷ 48 ಸಾವಿರ ಬ್ಯಾಂಕಿನಿಂದ ಅವರ ಖಾತೆಗೆ ಹಾಕಿದೆ. ಗಾಡಿಯ ಹೆಸರು ಬದಲಿಸುವ ಫಾರ್ಮ್ 29 ಮತ್ತು 30ಕ್ಕೆ ಸಹಿ ಆಯಿತು. ಒಂದು ಬಿಳಿ ಹಾಳೆಯ ಮೇಲೆ ಗಾಡಿ ಒಪ್ಪಿಸಿದ ದಿನ, ಗಂಟೆ, ಕಿಲೋಮೀಟರ್, ಉಳಿದ 10 ಸಾವಿರದ ಮಾತು ಬರೆದು ಇಬ್ಬರೂ ಸಹಿ ಹಾಕಿದೆವು. ಗಂಟೆ ಬರೆಯುವುದು ಮುಖ್ಯ. ಅದಕ್ಕಿಂತ ಮುಂಚಿನ ಚಲನ್ ಅವರದು, ಆಮೇಲಿನದು ನಮ್ಮದು. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ಹಳೆಯ ಮಾಲೀಕರಿಗೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಗಾಡಿಯ ಜೊತೆ ಬರುವುದಿಲ್ಲ, ಅದು ಅವರದೇ.

ಮಧ್ಯಾಹ್ನ ಊಟ ಬಿಟ್ಟು ಮೊದಲು ಕೈ ಹಾಕಿದ್ದು ಆ ಒದ್ದೆ ಮೂಲೆಗೆ. ಗ್ಲೋವ್ ಬಾಕ್ಸ್ ಬಿಚ್ಚಿದೆ. ಹಿಂದೆ ಎಸಿಯ ಕರಿ ಪೆಟ್ಟಿಗೆ, ಅದರ ತಳದಿಂದ ಒಂದು ರಬ್ಬರ್ ಪೈಪ್ ಎಂಜಿನ್ ಕಡೆಯ ಗೋಡೆ ದಾಟಿ ಹೊರಗೆ ಹೋಗುತ್ತದೆ. ಕೆಳಗಿನಿಂದ ಆ ಪೈಪಿನ ತುದಿ ಹುಡುಕಿ, ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಮೆಲ್ಲಗೆ ಒಳಗೆ ತಳ್ಳಿದೆ. ತಂತಿ ಹಾಕಬಾರದು, ಒಳಗೆ ಕೂಲಿಂಗ್ ಕಾಯಿಲ್‌ಗೆ ಚುಚ್ಚಿದರೆ ಗ್ಯಾಸ್ ಹೋಗಿ ದೊಡ್ಡ ಖರ್ಚು. ಎರಡು ಇಂಚು ಹೋಗಿ ಮೆತ್ತಗೆ ತಡೆಯಿತು. ತಿರುಗಿಸಿ ಎಳೆದೆ. ಧೂಳು, ಎಲೆಚೂರು ಕಲೆತ ಕಪ್ಪು ಗಂಜಿಯಂಥದ್ದು ಬಂತು. ಅದರ ಹಿಂದೆಯೇ ಅರ್ಧ ಲೋಟ ನೀರು ಭರ್ರನೆ ನನ್ನ ಮೊಣಕೈ ಮೇಲೆ ಸುರಿಯಿತು. ಅಷ್ಟು ಖುಷಿ ಗಾಡಿ ಕೀ ಕೈಗೆ ಬಂದಾಗಲೂ ಆಗಿರಲಿಲ್ಲ.

ಈ ಕೆಲಸಕ್ಕೆ ಖರ್ಚಾದದ್ದು ಏನೂ ಇಲ್ಲ. ಎಡ ಸೀಟು ಬಿಚ್ಚಿ, ಕಾರ್ಪೆಟ್ ಮಡಚಿ ಮೇಲೆ ಎತ್ತಿ, ಕೆಳಗೆ ಇಟ್ಟಿಗೆ ಚೂರು ಇಟ್ಟು ಮೂರು ದಿನ ಫ್ಯಾನ್ ಹಾಕಿದೆವು. ಕಾರ್ಪೆಟ್ಟಿನ ಕೆಳಗಿನ ದಪ್ಪ ನಾರಿನ ಪದರವೇ ನೀರು ಹಿಡಿದುಕೊಳ್ಳುವುದು. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಒತ್ತಿದರೆ ನೀರು ಬರುತ್ತದೆ. ತಗಡಿನ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ ಕಂಡವು. ಉಜ್ಜು ಕಾಗದ ಹಾಕಿ, ತುಕ್ಕು ತಡೆಯುವ ಪ್ರೈಮರ್ ಬಳಿದೆ, 120 ರೂಪಾಯಿ.

ಅಕ್ಟೋಬರ್ 5 ಮತ್ತು 6

ಉಳಿದದ್ದು ಏನೇ ಇರಲಿ, ಮೊದಲು ಬ್ರೇಕ್ ಅಂದರು ಮಾಮಾ. ಗ್ಯಾರೇಜ್ ಮುಚ್ಚಿದ ಮೇಲೆ ಅಲ್ಲೇ ಮಾಡಿಕೊಳ್ಳಲು ಜಾಗ ಕೊಟ್ಟರು. ಹಿಂದಿನ ಗಾಲಿಯ ಡ್ರಮ್ ತುಕ್ಕು ಹಿಡಿದು ಬಿಡುತ್ತಿರಲಿಲ್ಲ. ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳಿವೆ. ಎರಡಕ್ಕೂ 8 ಎಂಎಂ ಬೋಲ್ಟ್ ಹಾಕಿ ಆಚೆ ಅರ್ಧ ಸುತ್ತು, ಈಚೆ ಅರ್ಧ ಸುತ್ತು ತಿರುಗಿಸುತ್ತಾ ಹೋದರೆ ಡ್ರಮ್ ತಾನೇ ಎದ್ದು ಬರುತ್ತದೆ. ಸುತ್ತಿಗೆ ಹೊಡೆಯುವ ಅಗತ್ಯವಿಲ್ಲ. ಬಲಗಡೆಯ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿ ಎತ್ತಿದೆ, ಒಳಗೆ ಬ್ರೇಕ್ ಆಯಿಲ್. ಬ್ರೇಕ್ ಶೂ ಕೂಡ ನೆನೆದಿತ್ತು. ಬಲಗಡೆ ಹಿಡಿತ ಕಡಿಮೆಯಾಗಿ ಗಾಡಿ ಎಡಕ್ಕೆ ಎಳೆಯುತ್ತಿದ್ದದ್ದು ಇದಕ್ಕೇ.

ಸಿಲಿಂಡರ್ ಎರಡೂ ಕಡೆ, ಶೂ ಸೆಟ್, ಮುಂದಿನ ಪ್ಯಾಡ್, ಹೊಸ ಆಯಿಲ್, ಎಲ್ಲ ಸೇರಿ 4,350. ಪುಣೆಯ ನಾನಾ ಪೇಟೆಗೆ ಹೋಗಿ ತಂದೆ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವ ದಿನ ಹೆಂಡತಿ ಬಂದು ಡ್ರೈವರ್ ಸೀಟಿನಲ್ಲಿ ಕುಳಿತಳು. "ಒತ್ತು. ಹಿಡಿ. ಈಗ ಬಿಡು." ಪೆಡಲ್ ಒತ್ತಿ ಹಿಡಿದಾಗ ನಾನು ನಿಪ್ಪಲ್ ಸಡಿಲಿಸಬೇಕು, ಮುಚ್ಚಿದ ಮೇಲೆಯೇ ಅವಳು ಬಿಡಬೇಕು. ಮೊದಲೇ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಹಳೆಯ ಆಯಿಲ್ ಕಪ್ಪಗೆ ಬಂತು. ಬ್ರೇಕ್ ಆಯಿಲ್ ಹವೆಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ನಾಲ್ಕನೇ ಗಾಲಿ ಮುಗಿಯುವ ಹೊತ್ತಿಗೆ, "ಈಗ ಪೆಡಲ್ ಕಲ್ಲಿನಂಗ ಆತು ನೋಡ್ರಿ," ಅಂದಳು.

ಅಕ್ಟೋಬರ್ 10

ಚಹಾ ಬಣ್ಣದ ನೀರಿನ ಸರದಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಕ್ಯಾಪ್ ತೆಗೆದು ಕೆಳಗಿನಿಂದ ನೀರು ಬಿಟ್ಟೆವು. ಬಕೆಟ್ಟಿನ ತಳದಲ್ಲಿ ತುಕ್ಕು ನಿಂತಿತು. ವರ್ಷಗಟ್ಟಲೆ ಸುಮ್ನೆ ನಲ್ಲಿ ನೀರು ಹಾಕುತ್ತಾ ಬಂದಿದ್ದರು.

ಹೀಟರ್ ಯಾಕೆ ಬಿಸಿಯಾಗುತ್ತಿರಲಿಲ್ಲ ಅನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹಿಂದಿನ ದಿನ ಮಾಮಾ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಗಾಡಿ ಓಡಿಸಿದ್ದರು. ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಹೋದರೂ ಕೂಲೆಂಟ್ ಬಿಸಿ 60 ಡಿಗ್ರಿ ಆಸುಪಾಸಿನಲ್ಲೇ ನಿಂತಿತ್ತು. ಥರ್ಮೋಸ್ಟ್ಯಾಟ್ ಇರುವ ಮನೆಯನ್ನು ಬಿಚ್ಚಿದರೆ ಒಳಗೆ ಖಾಲಿ. ಯಾರೋ ವಾಲ್ವ್ ತೆಗೆದುಬಿಟ್ಟಿದ್ದರು.

ನಮ್ಮ ಕಡೆ ಇದು ಬಹಳ ನಡೆಯುತ್ತದೆ. ಗಾಡಿ ಒಮ್ಮೆ ಬಿಸಿಯಾದರೆ, ವಾಲ್ವ್ ತೆಗೆದರೆ ನೀರು ಸಲೀಸಾಗಿ ಹರಿಯುತ್ತದೆ ಅಂತ ತೆಗೆದು ಬಿಸಾಕುತ್ತಾರೆ. ಅದು ಸರಿಯಲ್ಲ. ತಣ್ಣಗಿರುವಾಗ ವಾಲ್ವ್ ಮುಚ್ಚಿಕೊಂಡಿದ್ದು ಎಂಜಿನ್ ಬೇಗ ಬಿಸಿಯಾಗಲು ಬಿಡುತ್ತದೆ. ತಕ್ಕ ಬಿಸಿ ಬಂದ ಮೇಲೆ ತೆರೆದುಕೊಂಡು ರೇಡಿಯೇಟರಿಗೆ ನೀರು ಬಿಡುತ್ತದೆ. ಅದು ಇಲ್ಲದಿದ್ದರೆ ಎಂಜಿನ್ ಯಾವಾಗಲೂ ತಣ್ಣಗೇ ಓಡುತ್ತದೆ. ತಣ್ಣಗಿದೆ ಎಂದು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಮೈಲೇಜ್ ಇಳಿಯುತ್ತದೆ, ಎಂಜಿನ್ ಸವೆಯುತ್ತದೆ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ, ಅವರಿಗೆ ಗೊತ್ತೇ ಇರಲಿಲ್ಲ. ಪಾಪ, ಅವರು ಎಷ್ಟು ವರ್ಷ ಜಾಸ್ತಿ ಪೆಟ್ರೋಲ್ ಹಾಕಿಸಿದ್ದಾರೋ.

ಹೊಸ ವಾಲ್ವ್, ಹೊಸ ಕ್ಯಾಪ್, ಉಬ್ಬಿದ್ದ ಒಂದು ಪೈಪ್, ಕೂಲೆಂಟ್, ಡಿಸ್ಟಿಲ್ಡ್ ನೀರು, ಒಟ್ಟು 2,900. ಕೂಲೆಂಟಿಗೆ ಅರ್ಧಕ್ಕರ್ಧ ಡಿಸ್ಟಿಲ್ಡ್ ನೀರು ಕಲಸಿ, ಕ್ಯಾಪ್ ತೆಗೆದಿಟ್ಟೇ ಎಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ಕಾದೆವು. ಫ್ಯಾನ್ ಎರಡು ಸಲ ಹತ್ತಿ ಆರಿದ ಮೇಲೆ ಕ್ಯಾಪ್ ಹಾಕಿದೆವು. ಹೀಟರಿನಿಂದ ಸುಡುವ ಗಾಳಿ ಬಂತು.

ಅದೇ ದಿನ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಮೂರು ಪ್ಲಗ್, 3,150. ಪ್ಲಗ್ ಕೂರಿಸುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ನಿನ ತಲೆ ಅಲ್ಯೂಮಿನಿಯಂ, ಓರೆ ಹಿಡಿದ ಪ್ಲಗ್ಗಿಗೆ ಪಾನಾ ಹಾಕಿದರೆ ಥ್ರೆಡ್ ಹೋಗುತ್ತದೆ.

ಎರಡು ದಿನಕ್ಕೆ ದಸರಾ. ಪಾನಾಗಳ ಜೊತೆ ಗಾಡಿಗೂ ಪೂಜೆ ಆಯಿತು. ಮೇಷ್ಟ್ರ ಮನೆಗೆ ಹೋಗಿ ಬನ್ನಿ ಕೊಟ್ಟು ಬಂದೆ.

ಅಕ್ಟೋಬರ್ 17

ಮುಂದಿನ ಸದ್ದು. ಇದನ್ನು ಮಾಮಾನೇ ಮಾಡಿದರು, ಬುಶ್ ಒತ್ತುವ ಪ್ರೆಸ್, ಲಿಫ್ಟ್ ನನ್ನ ಹತ್ತಿರ ಇಲ್ಲ. ಮುಂದಿನ ಗಾಲಿಗಳನ್ನು ಹಿಡಿದಿಡುವ ಎರಡೂ ಲೋವರ್ ಆರ್ಮ್, ಲಿಂಕ್ ರಾಡ್, ಮಜೂರಿ ಸೇರಿ 6,400. ಮರುದಿನ ನಾಲ್ಕು ಹೊಸ ಟೈರ್, 145/80 ಆರ್13, ಅಲೈನ್‌ಮೆಂಟ್ ಸೇರಿ 13,200. ಈ ಕ್ರಮ ತಪ್ಪಬಾರದು. ಆರ್ಮ್ ಬದಲಿಸಿದರೆ ಗಾಲಿಯ ಕೋನ ಬದಲಾಗುತ್ತದೆ. ಮೊದಲೇ ಹೊಸ ಟೈರ್ ಹಾಕಿ ಓಡಿಸಿದ್ದರೆ ಒಂದು ಅಂಚು ಸವೆದುಹೋಗುತ್ತಿತ್ತು.

ಅಕ್ಟೋಬರ್ 24

ಮೇಷ್ಟ್ರು ಹೊಸ ಎನ್‌ಒಸಿ ತಂದುಕೊಟ್ಟರು. ಉಳಿದ 10 ಸಾವಿರ ಅಲ್ಲೇ ಕೊಟ್ಟೆ. ಮೋಶಿಯ ಆರ್‌ಟಿಒದಲ್ಲಿ ಕಾಗದ ಸೇರಿಸಿದೆ, ಎಲ್ಲ ಸೇರಿ 1,900. ಒಂದೇ ಆರ್‌ಟಿಒ ಆದ್ದರಿಂದ ಓಡಾಟ ಕಡಿಮೆ. ಈ ಆರ್‌ಸಿ 2027ರವರೆಗೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಮತ್ತೆ 5 ವರ್ಷಕ್ಕೆ ಬರೆಸಬೇಕು, 2024ರ ಲೆಕ್ಕದಲ್ಲಿ ಅದಕ್ಕೆ 5 ಸಾವಿರ ಶುಲ್ಕ ಇತ್ತು, ಮೇಲೆ ಹಳೆಯ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್. ಹಳೆಯ ಗಾಡಿ ತಗೊಳ್ಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1000 ಸಿಸಿ ಒಳಗಿನ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ 2024ರಲ್ಲಿ ವರ್ಷಕ್ಕೆ 2,094 ರೂಪಾಯಿ ಮತ್ತು ಜಿಎಸ್‌ಟಿ ಇತ್ತು, ಅದರ ಮೇಲೆ 1500 ಸಿಸಿವರೆಗಿನ ಗಾಡಿಗೆ 3,416. ಸ್ವಿಫ್ಟ್ ಬಿಟ್ಟದ್ದಕ್ಕೆ ಇದೂ ಒಂದು ಸಮಾಧಾನ.

ಅಕ್ಟೋಬರ್ 27

ಬೆಳಿಗ್ಗೆ ಕೀ ತಿರುಗಿಸಿದರೆ ಕಟ್ ಕಟ್ ಅಂತಷ್ಟೇ. ಮಲ್ಟಿಮೀಟರ್ ಹಿಡಿದರೆ 11.4 ವೋಲ್ಟ್. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಬೇಕು. ಪಕ್ಕದವರ ಬ್ಯಾಟರಿಯಿಂದ ತಂತಿ ಹಾಕಿ ಚಾಲೂ ಮಾಡಿದಾಗ 14.1 ಬಂತು, ಹಾಗಾಗಿ ಆಲ್ಟರ್ನೇಟರ್ ಸರಿ ಇದೆ. ಹಳೆಯದು ಕೊಟ್ಟು ಹೊಸ ಬ್ಯಾಟರಿ, 3,900. ವೈಪರ್ ರಬ್ಬರ್ 350. ಮನೆಯಲ್ಲೇ ಹೀಗೆ ಆದದ್ದು ಒಳ್ಳೆಯದಾಯಿತು, ವಿಜಯಪುರದ ದಾರಿಯಲ್ಲಿ ಭಿಗವಣ ದಾಟಿದ ಮೇಲೆ ಆಗಿದ್ದರೆ ಕಷ್ಟವಿತ್ತು.

ಡಬ್ಬಿಯ ಲೆಕ್ಕ ಇಲ್ಲಿಗೆ ನಿಂತಿತು. ಗಾಡಿ ಕೊಂಡು ಉಳಿದದ್ದು 42 ಸಾವಿರ, ಖರ್ಚಾದದ್ದು 36,270. ಕೈಯಲ್ಲಿ 5,730 ಇದೆ. ಕ್ಲಚ್ ಪ್ಲೇಟ್ ಮುಂದಿನ ವರ್ಷ ಕೇಳಬಹುದು, ಅದಕ್ಕೆ ಇದನ್ನು ಹಾಗೇ ಇಟ್ಟಿದ್ದೇನೆ. ಹೆಡ್‌ಲೈಟ್ ಮಸುಕಾಗಿದೆ, ಹಿಂದಿನ ಬಂಪರಿನಲ್ಲಿ ಗೀರು ಇದೆ. ಅವು ಕಾಯಲಿ.

ಅಕ್ಟೋಬರ್ 30

ಬೆಳಿಗ್ಗೆ ನಾಲ್ಕೂವರೆಗೆ ಭೋಸರಿ ಬಿಟ್ಟೆವು. ಹಡಪಸರ, ಇಂದಾಪುರ, ಟೆಂಭುರ್ಣಿ, ಸೊಲ್ಲಾಪುರ. ಪ್ರತಿ ನೂರು ಕಿಲೋಮೀಟರಿಗೆ ನಿಲ್ಲಿಸಿ ಗಾಲಿಗೆ ಕೈ ಹಿಡಿದು ನೋಡಿದೆ, ಯಾವ ಗಾಲಿಯೂ ಉಳಿದವುಗಳಿಗಿಂತ ಜಾಸ್ತಿ ಬಿಸಿ ಇರಲಿಲ್ಲ. ಅಂದರೆ ಬ್ರೇಕ್ ಎಲ್ಲೂ ಹಿಡಿದುಕೊಂಡಿಲ್ಲ. ಸೊಲ್ಲಾಪುರದಲ್ಲಿ ಕಡಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡೆವು. ಗಡಿ ದಾಟಿದಾಗ ಕನ್ನಡದ ಬೋರ್ಡುಗಳು ಶುರುವಾದವು. ವಿಜಯಪುರದಲ್ಲಿ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ, ಲೀಟರಿಗೆ 17.7 ಕಿಲೋಮೀಟರ್.

ನವೆಂಬರ್ 3

ಪಾಡ್ಯ ಮುಗಿಸಿ ಅವ್ವನನ್ನು ಕರೆದುಕೊಂಡು ಹೊರಟೆವು. ಬಾಗಿಲು ತೆಗೆದು ನಾನು ಕೈ ಚಾಚಿದೆ. ಅವಳು ಹಿಡಿಯಲಿಲ್ಲ. ಸೀಟಿಗೆ ಬೆನ್ನು ಮಾಡಿ ನಿಂತು, ಮನೆಯ ಕುರ್ಚಿಯಲ್ಲಿ ಕೂತಂತೆ ಕೂತು, ಎರಡೂ ಕಾಲು ಒಳಗೆ ತಿರುಗಿಸಿಕೊಂಡಳು.

ಟೆಂಭುರ್ಣಿ ಹತ್ತಿರ ಚಹಾಕ್ಕೆ ನಿಲ್ಲಿಸಿದೆ. ಅವ್ವ ತಾನೇ ಇಳಿದು ಬಾಗಿಲು ಹಿಡಿದು ನಿಂತಳು. ಗಾಡಿಯ ಕೆಳಗೆ ನೋಡಿ ಗಾಬರಿಯಾದಳು.

"ಗಾಡಿ ಸೋರಾಕತ್ತೈತಲ್ಲೋ!"

"ಅದು ಹೊರಗ ಸೋರಬೇಕವ್ವ. ಎಸಿ ನೀರು," ಅಂದೆ. ಡಾಂಬರಿನ ಮೇಲೆ ಹನಿ ಒಂದರ ಹಿಂದೊಂದು ಬೀಳುತ್ತಿತ್ತು. ಬಗ್ಗಿ ಅವಳ ಕಾಲಿಡುವ ಜಾಗದ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿದೆ. ಒಣಗಿತ್ತು.